ಬೂದಿಯಾದ ಬಂಪರ್‌ಗೆ ಮತ್ತೆ ಕಪ್ಪು ಬಣ್ಣ

ಕಾರಿನ ಬಾನೆಟ್ ಎತ್ತಿ, ವೈಪರ್‌ಗಳ ಬುಡದಲ್ಲಿರುವ ಕಪ್ಪು ಪ್ಲಾಸ್ಟಿಕ್ ಪಟ್ಟಿಯನ್ನು ಒಮ್ಮೆ ನೋಡಿ. ಬಾನೆಟ್ಟಿನ ಅಡಿ ಅಡಗಿದ ಭಾಗ ಕೊಂಡ ದಿನದಷ್ಟೇ ಕಪ್ಪಗಿರುತ್ತದೆ. ಬಿಸಿಲಿಗೆ ಬಿದ್ದ ಭಾಗ ಬೂದಿ ಬಳಿದ ಹಾಗೆ. ತುಂಡು ಒಂದೇ, ವಯಸ್ಸೂ ಒಂದೇ. ಕೆಟ್ಟಿರುವುದು ಮೇಲ್ಪದರ ಮಾತ್ರ.

ಬಂಪರಿನ ಕೆಳಭಾಗ, ಚಕ್ರದ ಸುತ್ತಲಿನ ಕ್ಲ್ಯಾಡಿಂಗ್ (ರಕ್ಷಣೆಯ ಪ್ಲಾಸ್ಟಿಕ್ ಹೊದಿಕೆ), ಕನ್ನಡಿಯ ಬುಡ ಹೀಗೆ ಪೇಂಟ್ ಮಾಡದೆ ಬಿಟ್ಟ ಭಾಗಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಪೆಟ್ಟು ತಡೆದುಕೊಳ್ಳಲೆಂದು ಅದಕ್ಕೆ ಇಪಿಡಿಎಂ ಎಂಬ ರಬ್ಬರ್ ಬೆರೆಸಿರುತ್ತಾರೆ. ಕಪ್ಪು ಬಣ್ಣ ಬರುವುದು ಕಾರ್ಬನ್ ಬ್ಲ್ಯಾಕ್‌ನಿಂದ, ಅಂದರೆ ದೀಪದ ಮಸಿಯ ಜಾತಿಯದೇ ಪುಡಿಯಿಂದ. ಬಿಸಿಲಿನ ನೇರಳಾತೀತ ಕಿರಣ ಮೇಲ್ಪದರದ ಉದ್ದನೆಯ ಅಣುಗಳನ್ನು ಕಡಿಯುತ್ತಾ ಹೋದಂತೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಮೂಡುತ್ತವೆ. ಬೆಳಕು ಅವುಗಳಲ್ಲಿ ಚದುರಿ ಬೆಳ್ಳಗೆ ತೋರುತ್ತದೆ. ನೀರು ಚಿಮುಕಿಸಿದರೆ ಬಿರುಕು ತುಂಬಿಕೊಂಡು ಕಪ್ಪು ಮರಳುತ್ತದೆ, ಒಣಗಿದ ಕೂಡಲೇ ಹೋಗುತ್ತದೆ.

ಕಪ್ಪು ಮರಳಲೆಂದು ಕೆಲವರು ಡೀಸೆಲ್ ಒರೆಸುತ್ತಾರೆ, ಆಗ ಆಗುವುದೂ ಇಷ್ಟೇ. ಒಮ್ಮೆ ವಾಟರ್ ಸರ್ವಿಸ್‌ಗೆ ಬಿಟ್ಟಾಗ ನನ್ನ ಕಾರಿಗೂ ಹೀಗೆ ಒರೆಸಿ ಕೊಟ್ಟಿದ್ದರು. ಮನೆ ಮುಟ್ಟುವಾಗ ಮಿರಮಿರ ಮಿಂಚುತ್ತಿತ್ತು. ಮೂರನೆಯ ದಿನಕ್ಕೆ ಅದರ ಮೇಲೆ ಕೆಂಪು ಧೂಳಿನ ಪದರ ಕೂತಿತ್ತು. ಧೂಳು ತೊಳೆದರೆ ಹೋದೀತು. ಆದರೆ ಇಪಿಡಿಎಂ ರಬ್ಬರ್ ಬಿಸಿಲು, ಮಳೆ ತಾಳಿಕೊಂಡರೂ ಪೆಟ್ರೋಲಿಯಂ ಎಣ್ಣೆಯನ್ನು ತಾಳದು, ಹೀರಿಕೊಂಡು ಉಬ್ಬಿ ಮೆತ್ತಗಾಗುತ್ತದೆ. ಬಾಗಿಲ ಅಂಚಿನ ರಬ್ಬರ್ ಬೀಡಿಂಗ್ ಕೂಡ ಸಾಮಾನ್ಯವಾಗಿ ಇದರದೇ. ಆದ್ದರಿಂದ ಡೀಸೆಲ್, ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್ ಇವು ಯಾವುವೂ ಬೇಡ. ಕೊಬ್ಬರಿ ಎಣ್ಣೆಯೂ ಧೂಳನ್ನು ಹಿಡಿದಿಡುತ್ತದೆ.

ಮೊದಲು ತೊಳೆಯಿರಿ

ಈ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದೇ. ಬಿಸಿಲಿಳಿದ ಮೇಲೆ, ಪ್ಲಾಸ್ಟಿಕ್ ಮುಟ್ಟಿದರೆ ತಣ್ಣಗಿರುವಾಗ, ನೆರಳಿನಲ್ಲಿ ಶುರು ಮಾಡಿ. ಎರಡು ಬಕೆಟ್ ನೀರು ಸಾಕು. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿದ್ದು ನೆನಪಿರಲಿ, ಪೈಪ್ ಹಿಡಿದು ನಿಲ್ಲುವ ಅಗತ್ಯ ಇಲ್ಲಿಲ್ಲ.

ಕಾರ್ ಶಾಂಪೂ ಹಾಕಿ, ಹಳೆಯ ಟೂತ್‌ಬ್ರಷ್‌ನಿಂದ ಪ್ಲಾಸ್ಟಿಕ್ಕಿನ ತರಿತರಿ ಮೈಯ ಒಳಗೆ ಹೋಗುವಂತೆ ಉಜ್ಜಿ. ಬರುವ ನೊರೆ ಮೊದಲಿಗೆ ಕಂದಾಗಿರುತ್ತದೆ. ತೊಳೆದು, ಮತ್ತೆ ಉಜ್ಜಿ. ನೊರೆ ಬಿಳಿಯಾಗಿ ಬರುವವರೆಗೆ ಬಿಡಬೇಡಿ. ಹಿಂದೆ ಟೈರ್ ಪಾಲಿಶ್ ಬಳಿದಿದ್ದರೆ ಶಾಂಪೂಗೆ ಅದು ಬಗ್ಗುವುದಿಲ್ಲ, ಆಲ್ ಪರ್ಪಸ್ ಕ್ಲೀನರ್ ಬೇಕು.

ಒಣಗಿದ ಮೇಲೆ ಬಿಳುಪು ಎಲ್ಲಿದೆ ಎಂದು ನೋಡಿ. ಪೇಂಟ್ ಮತ್ತು ಪ್ಲಾಸ್ಟಿಕ್ ಕೂಡುವ ಅಂಚಿನಲ್ಲಿ ಗೀರುಗೀರಾಗಿದ್ದರೆ ಅದು ಹಳೆಯ ವ್ಯಾಕ್ಸ್, ಇನ್ನೊಮ್ಮೆ ಉಜ್ಜಿ. ಹನಿಯ ಆಕಾರದ ಕಲೆಯಾದರೆ ಬೋರ್‌ವೆಲ್ ನೀರಿನ ಉಪ್ಪು. ಕೋಲಾರ, ವಿಜಯಪುರದ ಕಡೆ ಗಡಸು ನೀರಿನಲ್ಲಿ ತೊಳೆಯುವವರಿಗೆ ಇದು ಹೊಸದಲ್ಲ. ಸಮಸಮ ನೀರು ಬೆರೆಸಿದ ವಿನಿಗರ್‌ನಲ್ಲಿ ಬಟ್ಟೆ ಅದ್ದಿ ಒರೆಸಿ, ಕೂಡಲೇ ಶುದ್ಧ ನೀರಿನಿಂದ ತೊಳೆಯಿರಿ. ಮೇಲ್ಮುಖವಾದ ಭಾಗವೆಲ್ಲ ಸಮನಾಗಿ ಬೆಳ್ಳಗಿದ್ದರೆ ಮಾತ್ರ ಅದು ಬಿಸಿಲಿನ ಕೆಲಸ. ಮುಂದಿನದು ಅದಕ್ಕಾಗಿ.

ಕೋಟಿಂಗ್ ಹಚ್ಚುವುದು

ಹೊಳಪಿಗೆಂದು ಸವರುವ ಸಿಲಿಕೋನ್ ಡ್ರೆಸಿಂಗ್ ಅಗ್ಗ, ಹಚ್ಚುವುದು ಸುಲಭ, ಆದರೆ ಕೆಲವು ವಾರಗಳಲ್ಲಿ ತೊಳೆದುಹೋಗುತ್ತದೆ. ನನ್ನ ಆಯ್ಕೆ ಪ್ಲಾಸ್ಟಿಕ್ಕಿಗೆಂದೇ ಬರುವ ಸೆರಾಮಿಕ್ ಟ್ರಿಮ್ ಕೋಟಿಂಗ್. ಅದು ಬಿರುಕುಗಳನ್ನು ತುಂಬಿ ಗಟ್ಟಿಯಾಗಿ ಕೂರುತ್ತದೆ. ಬೆಲೆ ಹೆಚ್ಚು, ಆದರೆ ಸಣ್ಣ ಸೀಸೆಯೇ ಸಾಕಾಗುತ್ತದೆ.

ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಪ್ಲಾಸ್ಟಿಕ್ ಒರೆಸಿ. ಜಿಡ್ಡು ಉಳಿದರೆ ಕೋಟಿಂಗ್ ಹಿಡಿಯುವುದಿಲ್ಲ. ಪಕ್ಕದ ಪೇಂಟ್‌ಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಹಚ್ಚಿ ನೋಡಿ. ಆಮೇಲೆ ಸ್ಪಾಂಜಿಗೆ ನಾಲ್ಕೈದು ಹನಿ ಹಾಕಿ, ಒಂದೊಂದೇ ಗೇಣು ಜಾಗಕ್ಕೆ ತೆಳ್ಳಗೆ ಸವರಿ. ಸೀಸೆಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಮಿಕ್ಕಿದ್ದನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ದಪ್ಪ ಬಳಿದರೆ ಹೆಚ್ಚು ದಿನ ಬಾಳುತ್ತದೆಂದು ಅನ್ನಿಸಬಹುದು. ಹಾಗೇನಿಲ್ಲ, ಪಟ್ಟೆಪಟ್ಟೆಯಾಗಿ ಒಣಗುತ್ತದೆ, ಗಟ್ಟಿಯಾದ ಮೇಲೆ ಆ ಪಟ್ಟೆ ತೆಗೆಯುವುದು ಬಹಳ ಕಷ್ಟ. ಒಂದು ದಿನ ನೀರು ತಾಗಿಸಬೇಡಿ. ಮುಂಗಾರಿನ ಮೋಡ ಕಟ್ಟಿದ್ದರೆ ಕೆಲಸವನ್ನೇ ಮುಂದೂಡಿ.

ಹೀಟ್ ಗನ್ ಹಿಡಿದು ಕ್ಷಣದಲ್ಲಿ ಕಪ್ಪು ಮಾಡುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಕಪ್ಪಾಗುವುದು ನಿಜ. ಆದರೆ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಗನ್ನಿನ ಗಾಳಿ 500 ಡಿಗ್ರಿ ದಾಟಬಲ್ಲದು. ಕೈ ಒಂದು ಗಳಿಗೆ ನಿಂತರೆ ತರಿ ಕರಗಿ ನುಣ್ಣಗಾಗುತ್ತದೆ, ಪಕ್ಕದ ಪೇಂಟ್ ಗುಳ್ಳೆ ಏಳುತ್ತದೆ. ಮನೆಯಲ್ಲಿ ಮಾಡುವವರಿಗೆ ಇದನ್ನು ನಾನು ಹೇಳಲಾರೆ.

ಹಚ್ಚಿದ ಮೇಲೆ ಪ್ರತಿ ಸಲ ಕಾರು ತೊಳೆಯುವಾಗ ನೀರಿನ ಕಡೆ ಒಂದು ಕಣ್ಣಿಡಿ. ಪ್ಲಾಸ್ಟಿಕ್ಕಿನ ಮೇಲೆ ಹನಿ ಗುಂಡಗೆ ನಿಂತು ಜಾರುತ್ತಿದ್ದರೆ ಕೋಟಿಂಗ್ ಇನ್ನೂ ಇದೆ. ಹರಡಿಕೊಳ್ಳತೊಡಗಿದರೆ ಸವೆದಿದೆ ಎಂದರ್ಥ. ಸಾಮಾನ್ಯವಾಗಿ ಮೊದಲು ಸವೆಯುವುದು ವೈಪರ್ ಬುಡದ ಪಟ್ಟಿ, ಬಂಪರಿನ ಮೇಲಂಚು. ಆ ಎರಡಕ್ಕೆ ಮಾತ್ರ ಮತ್ತೆ ಹಚ್ಚಿದರಾಯಿತು.