ಹುಬ್ಬಿನ ಮೇಲಿನ ಸೀಮೆಸುಣ್ಣ

2021ರ ಆಗಸ್ಟ್ 1ರಂದು ನಾವೆಲ್ಲ ಬ್ಯಾರಕ್‌ನ ಟಿವಿಯ ಮುಂದೆ ಕುಳಿತಿದ್ದೆವು. ನಮ್ಮ ಸೇನೆಯವರೇ ಆದ ಸತೀಶ್ ಕುಮಾರ್ ಟೋಕಿಯೊ ಒಲಿಂಪಿಕ್ಸ್‌ನ ಬಾಕ್ಸಿಂಗ್ ಕ್ವಾರ್ಟರ್ ಫೈನಲ್‌ನಲ್ಲಿ ವಿಶ್ವ ಚಾಂಪಿಯನ್ ಬಖೋದಿರ್ ಜಲೊಲೊವ್ ಎದುರು ರಿಂಗಿಗೆ ಇಳಿದಿದ್ದರು. ಹಿಂದಿನ ಬೌಟ್‌ನಲ್ಲಿ, ಅಂದರೆ ಪಂದ್ಯದಲ್ಲಿ, ಆದ ಗಾಯಕ್ಕೆ ಮುಖದ ಮೇಲೆ 13 ಹೊಲಿಗೆ. ಅತಿ ಭಾರದವರ ಸೂಪರ್ ಹೆವಿವೇಟ್ ವಿಭಾಗದಲ್ಲಿ ಒಲಿಂಪಿಕ್ಸ್‌ವರೆಗೆ ಹೋದ ಮೊದಲ ಭಾರತೀಯ ಅವರು. ಐವರು ತೀರ್ಪುಗಾರರೂ ಎದುರಾಳಿಯ ಪರ ನಿಂತು 0-5ರಿಂದ ಸೋತರು, ಆದರೆ ಮೂರೂ ಸುತ್ತು ಆಡಿಯೇ ಸೋತರು. ಅದನ್ನು ನಾನು ಬರೀ ಧೈರ್ಯ ಎಂದುಕೊಂಡಿದ್ದೆ.

ಮರುವರ್ಷ ನನ್ನದೇ ಎಡಹುಬ್ಬು ಒಡೆಯಿತು. ಎದುರಾಳಿಯ ತಲೆ ಬಡಿದದ್ದು, ಹೊಡೆತವಲ್ಲ. 2013ರಿಂದ ದೊಡ್ಡ ಸ್ಪರ್ಧೆಗಳಲ್ಲಿ ಪುರುಷರಿಗೆ ತಲೆ ಕಾಯುವ ಹೆಡ್‌ಗಾರ್ಡ್ ಇಲ್ಲವಾದ್ದರಿಂದ ಇಂಥ ಗಾಯ ನಮಗೆ ಹೊಸದಲ್ಲ. ರಕ್ತ ಕಣ್ಣಿಗೆ ಇಳಿದಾಗ ಎದುರಾಳಿಯ ಬಲಗೈ ಕಾಣುವುದೇ ಇಲ್ಲ. ವೈದ್ಯರು ಬೌಟ್ ನಿಲ್ಲಿಸಿದರು.

ಹೊಲಿಗೆ ಬಿಚ್ಚಿ, ಗಾಯ ಮಾಯುವವರೆಗೆ ನನ್ನ ತರಬೇತುದಾರರಾದ ಉಸ್ತಾದ್ ನನ್ನನ್ನು ಸ್ಪಾರಿಂಗ್‌ಗೆ, ಅಂದರೆ ಜೊತೆಗಾರನೊಂದಿಗಿನ ಅಭ್ಯಾಸದ ಗುದ್ದಾಟಕ್ಕೆ, ಬಿಡಲಿಲ್ಲ. ಹಗ್ಗದಾಟ, ಓಟ, ನೆರಳಿನೊಂದಿಗೆ ಗುದ್ದಾಟ, ಅಷ್ಟೆ. ಆಮೇಲೆ ಅವರು ಮಾಡಿಸಿದ ಅಭ್ಯಾಸವೇ ನನ್ನನ್ನು ತಿದ್ದಿದ್ದು. ಜೊತೆಗಾರನ ಬಲ ಗ್ಲೌಸ್‌ಗೆ ಸೀಮೆಸುಣ್ಣದ ಪುಡಿ ಸವರುವುದು. ಮೂರು ನಿಮಿಷ ಅವನು ನನ್ನ ಎಡಹುಬ್ಬನ್ನು ಮೆಲ್ಲಗೆ ಮುಟ್ಟಲು ನೋಡಬೇಕು, ನಾನು ಜಾಬ್, ಅಂದರೆ ಮುಂದಿನ ಎಡಗೈಯ ನೇರ ಗುದ್ದು, ಹೊಡೆಯುತ್ತಲೇ ಇರಬೇಕು. ಮೊದಲ ದಿನ ಕನ್ನಡಿಯಲ್ಲಿ ನೋಡಿದರೆ ಹುಬ್ಬಿಡೀ ಬಿಳಿ!

ತಪ್ಪು ಅಲ್ಲಿಯೇ ಗೊತ್ತಾಯಿತು. ಜಾಬ್ ಹೊಡೆದ ಎಡಗೈ ವಾಪಸು ಬರುವಾಗ ಎದೆಯ ಮಟ್ಟಕ್ಕೆ ಇಳಿಯುತ್ತಿತ್ತು. ಹೋದ ದಾರಿಯಲ್ಲೇ ನೇರ ಹುಬ್ಬಿಗೆ ಮರಳಬೇಕು. ಮರಳುವಾಗಲೇ ಕಾಲು ಒಂದು ಹೆಜ್ಜೆ ಬಲಕ್ಕೆ, ಅಂದರೆ ಅವನ ಬಲಗೈಯಿಂದ ದೂರ. ಹಾಗೆ ಸರಿದರೆ ಪಕ್ಕದಿಂದ ಬಾಗಿ ಬರುವ ಅವನ ಎಡಗೈ ಹೊಡೆತದ, ಅಂದರೆ ಹುಕ್‌ನ, ಬಾಯಿಗೆ ಬೀಳುತ್ತೇವೆ, ಆದ್ದರಿಂದ ನನ್ನ ಬಲ ಗ್ಲೌಸ್ ಕೆನ್ನೆಗೆ ಅಂಟಿಕೊಂಡೇ ಇರಬೇಕು. ಹೇಳಲು ಎರಡು ಸಾಲು. ಮೈಗೆ ಹತ್ತಲು ನಾಲ್ಕು ತಿಂಗಳು ಹಿಡಿಯಿತು. ದಣಿದಾಗ ಮೊದಲು ಇಳಿಯುವುದು ಅದೇ ಎಡಗೈ.

ಸತೀಶರ ಆ ಬೌಟನ್ನು ಮತ್ತೆ ನೋಡಿದೆ. ಈ ಸಲ ಟಿವಿಯಲ್ಲಿ ಅವರ ಮುಖ ಕಂಡಾಗ ನನ್ನ ಕೈ ತಾನಾಗಿ ಹುಬ್ಬಿಗೆ ಏರಿತ್ತು.