ಫೋನ್ ಲಾಕ್ ತೆಗೆಯುವುದು ಬೇರೆ, ಒಳಗಿನ ಫೋಟೋ ತೆಗೆಯುವುದು ಬೇರೆ

ವಿಜಯಪುರದಲ್ಲಿ ಗಾಂಧಿ ಚೌಕದ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಲಾಕ್ ಆದ ಫೋನ್ ತರುವವರು ಬಹಳ. ಎಲ್ಲರದೂ ಒಂದೇ ಮಾತು: "ಅಣ್ಣಾರ, ಲಾಕ್ ತಗದ್ ಕೊಡ್ರಿ, ಆದ್ರ ಫೋಟೋ ಹೋಗಬಾರದು ನೋಡ್ರಿ." ಅಡಚಣೆ ಇರುವುದೇ ಅಲ್ಲಿ.

ನಮ್ಮಂಥ ಅಂಗಡಿಯ ಡಾಂಗಲ್, ಅನ್‌ಲಾಕ್ ಟೂಲ್ ಎಲ್ಲ ಸಾಮಾನ್ಯವಾಗಿ ಮಾಡುವುದು ರೀಸೆಟ್ ಹೊಡೆದು, ಆಮೇಲೆ ಹಳೆ ಖಾತೆ ಕೇಳುವ ಗೂಗಲ್ ಲಾಕ್ ದಾಟಿಸುವ ಕೆಲಸ. ಫೋನ್ ಉಳಿಯುತ್ತದೆ, ಡೇಟಾ ಹೋಗುತ್ತದೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ಹಾಕಿದರೂ ಬರುವುದಿಲ್ಲ, ಯಾಕಂದ್ರೆ ಫೋನಿನ ಡೇಟಾ ಗುಪ್ತಲಿಪಿಯಲ್ಲಿ ಇರುತ್ತದೆ (ಎನ್‌ಕ್ರಿಪ್ಷನ್ ಅನ್ನುವುದು ಇದಕ್ಕೇ), ರೀಸೆಟ್ ಆದಾಗ ಅದನ್ನು ಬಿಡಿಸುವ ಕೀ ಅಳಿಸಿ ಹೋಗಿರುತ್ತದೆ. ಮೆಮೊರಿ ಚಿಪ್ ಕಿತ್ತು ಓದಿಸಿ ಅಂತಾನೂ ಕೇಳುತ್ತಾರೆ. ಹಳೆಯ ಆಂಡ್ರಾಯ್ಡ್‌ಗಳಲ್ಲಿ ಅದು ನಡೆಯುತ್ತಿತ್ತು. ಆಂಡ್ರಾಯ್ಡ್ 10ರಿಂದ ಹೊಸ ಫೋನುಗಳಿಗೆ ಎನ್‌ಕ್ರಿಪ್ಷನ್ ಕಡ್ಡಾಯ. ಕೀ ತಯಾರಾಗಲು ನಿಮ್ಮ ಪಿನ್ ಬೇಕು, ಅದೇ ಫೋನಿನ ಪ್ರೊಸೆಸರ್ ಒಳಗಿನ ಗುಟ್ಟೂ ಬೇಕು. ಹಾಗಾಗಿ ನೀರಿಗೆ ಬಿದ್ದ ಫೋನಿಂದ ಡೇಟಾ ಬೇಕಂದರೆ ನಾನು ಅದೇ ಬೋರ್ಡಿಗೆ ಜೀವ ತುಂಬಲು ನೋಡುತ್ತೇನೆ. ಬೇರೆ ದಾರಿ ಇಲ್ಲ.

"ಮತ್ತೆ ಪೊಲೀಸರು ಹೆಂಗ ತಗೀತಾರ್ರೀ?" ಅದಕ್ಕೆ ಬೇರೆಯೇ ಯಂತ್ರಗಳಿವೆ. ಇಸ್ರೇಲಿನ ಸೆಲೆಬ್ರೈಟ್, ಅಮೆರಿಕದ ಗ್ರೇಕೀ. ತಮಾಷೆ ಅಂದ್ರೆ ಸೆಲೆಬ್ರೈಟ್ ಶುರುವಾಗಿದ್ದು ನಮ್ಮಂಥ ಅಂಗಡಿಗಳಿಗೆ, ಹಳೆ ಫೋನಿನ ಕಾಂಟ್ಯಾಕ್ಟ್‌ಗಳನ್ನು ಹೊಸದಕ್ಕೆ ಹಾಕುವ ಮಷೀನ್ ಮಾರುತ್ತಾ! 2018ರಲ್ಲಿ ಗ್ರೇಕೀ ಬೆಲೆ ಹೊರಗೆ ಬಂತು: 300 ಸಲ ಬಳಸಲು 15,000 ಡಾಲರ್, ಮಿತಿ ಇಲ್ಲದ್ದಕ್ಕೆ 30,000. ನನ್ನ ಅಂಗಡಿಗೆ ಅಷ್ಟು ದುಡ್ಡಿದ್ದರೂ ಕೊಡುವುದಿಲ್ಲ, ಪೊಲೀಸ್‌ನಂಥ ಸಂಸ್ಥೆಗಳಿಗೆ ಮಾರುವ ಮಾಲು ಅದು.

ಅವು ಫೋನಿನ ಸಾಫ್ಟ್‌ವೇರ್‌ನಲ್ಲಿ ಯಾರಿಗೂ ಗೊತ್ತಾಗದ ದೋಷ ಹಿಡಿದು ಒಳಗೆ ಹೋಗುತ್ತವೆ, ಇಲ್ಲವೇ ತಪ್ಪು ಪಿನ್ ಹಾಕಿದಾಗ ಕಾಯಿಸುವ ತಡೆಯನ್ನು ದಾಟಿ ಒಂದೊಂದೇ ಪಿನ್ ಹಾಕಿ ನೋಡುತ್ತವೆ. ಐಫೋನಿನಲ್ಲಿ ಒಂದು ಪ್ರಯತ್ನಕ್ಕೆ ಸುಮಾರು 80 ಮಿಲಿಸೆಕೆಂಡ್ ಬೇಕು. ಲೆಕ್ಕ ಹಾಕಿ: 4 ಅಂಕಿ ಹದಿಮೂರು ನಿಮಿಷದಲ್ಲಿ ಮುಗಿಯಿತು, 6 ಅಂಕಿಗೆ ಒಂದು ದಿನವೂ ಬೇಡ. ಅದೇ ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ ಬೆರೆಸಿದ 6 ಅಕ್ಷರದ ಪಾಸ್‌ವರ್ಡ್ ಆದರೆ ಐದೂವರೆ ವರ್ಷ. ಹುಟ್ಟಿದ ವರ್ಷವನ್ನೇ ಪಿನ್ ಇಟ್ಟುಕೊಂಡವರ ಬಗ್ಗೆ ಏನು ಹೇಳಲಿ!

ಗಿರಾಕಿ ಬಂದ ಕೂಡಲೇ ನಾನು ಕೇಳುವುದು, ಫೋನ್ ಚಾಲೂ ಇದೆಯಾ ಅಂತ. ಇದ್ದರೆ ಆಫ್ ಮಾಡಬೇಡಿ, ಚಾರ್ಜಿಗೆ ಹಾಕಿ. ಆನ್ ಆದ ಮೇಲೆ ಒಂದು ಸಲವಾದರೂ ಪಿನ್ ಹಾಕಿದ್ದ ಫೋನಿನಲ್ಲಿ ಕೀಗಳು ಮೆಮೊರಿಯಲ್ಲಿ ಇರುತ್ತವೆ, ವೈಫೈ ಸಿಕ್ಕರೆ ಫೋಟೋ ಬ್ಯಾಕಪ್ ತಾನಾಗೇ ನಡೆಯಬಹುದು. ರೀಸ್ಟಾರ್ಟ್ ಆದರೆ ಅದೂ ನಿಂತಿತು. ಯಾವ ಸ್ಥಿತಿಯಲ್ಲಿದೆ ಅಂತ ನೋಡಲು ಮನೆಯವರ ನಂಬರಿನಿಂದ ಅದಕ್ಕೆ ಫೋನ್ ಮಾಡಿಸುತ್ತೇನೆ. ಪರದೆ ಮೇಲೆ ಹೆಸರು ಬಂದರೆ ಒಳ್ಳೆಯದು, ಸೇವ್ ಮಾಡಿದ ನಂಬರಿಗೂ ಬರೀ ನಂಬರ್ ಬಂದರೆ ರೀಸ್ಟಾರ್ಟ್ ಆಗಿದೆ. ದಿನ ತಳ್ಳುವಂತೆಯೂ ಇಲ್ಲ. ಐಫೋನಿನ ಸಾಫ್ಟ್‌ವೇರ್ ಐಓಎಸ್ 18.1 ಬಂದ ಮೇಲೆ ಫೋನ್ 72 ಗಂಟೆ ತೆರೆಯದಿದ್ದರೆ ತಾನೇ ರೀಸ್ಟಾರ್ಟ್ ಆಗುತ್ತದೆ, 2025ರಲ್ಲಿ ಆಂಡ್ರಾಯ್ಡ್‌ಗೂ ಅಂಥದ್ದೇ ಬಂತು. ಪೊಲೀಸರ ಆ ಯಂತ್ರಗಳಿಗೂ ಇದೇ ತಲೆನೋವು.

ಸಿಂದಗಿ ಕಡೆಯವರೊಬ್ಬರು ತೀರಿಕೊಂಡ ತಂದೆಯ ಫೋನ್ ತಂದಿದ್ದರು. ಎಲ್ಲೋ ರೀಸೆಟ್ ಹೊಡೆಸಲು ಹೊರಟಿದ್ದರಂತೆ, ಸದ್ಯ ತಪ್ಪಿತು. ಮನೆಯ ಕಂಪ್ಯೂಟರಿನಲ್ಲಿ ತಂದೆಯ ಗೂಗಲ್ ಖಾತೆ ತೆರೆದೇ ಇತ್ತು. ಫೋಟೋ ಪೂರಾ ಅಲ್ಲೇ ಸಿಕ್ಕವು, ಫೋನ್ ಮುಟ್ಟುವ ಕೆಲಸವೇ ಬರಲಿಲ್ಲ. ಅದಕ್ಕೇ ಈಗ ಐಫೋನ್ ತಂದವರಿಗೆಲ್ಲ ಲೆಗಸಿ ಕಾಂಟ್ಯಾಕ್ಟ್ ಹಾಕಿ ಕೊಡುತ್ತೇನೆ, ಅಂದ್ರೆ ತೀರಿಕೊಂಡ ಮೇಲೆ ಖಾತೆಯ ಡೇಟಾ ಯಾರಿಗೆ ಸಿಗಬೇಕು ಅಂತ ಮೊದಲೇ ಹೆಸರಿಸುವುದು; ಗೂಗಲ್‌ನಲ್ಲಿ ಅಂಥದ್ದೇ ಇನ್ಆಕ್ಟಿವ್ ಅಕೌಂಟ್ ಮ್ಯಾನೇಜರ್. ಐದು ನಿಮಿಷದ ಕೆಲಸ.

ಬಿಲ್ ಇಲ್ಲದ ಫೋನನ್ನು ನಾನು ಮುಟ್ಟುವುದಿಲ್ಲ. ಕಳವಿನದೋ ಅಂತ ತಿಳಿಯಲು, ಕೆವೈಎಂ (KYM) ಎಂದು ಬರೆದು ಮುಂದೆ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ ನೋಡುತ್ತೇನೆ. ಹೆಂಡತಿಯ ಫೋನ್ ತೆಗೆದುಕೊಡಿ ಅಂತ ಬರುವ ಗಂಡಂದಿರಿಗೆ ಚಹಾ ಕೂಡ ಹೇಳುವುದಿಲ್ಲ. ಪೊಲೀಸ್ ಕೇಸಿನ ಫೋನ್ ಆದರೆ ನನ್ನ ಹತ್ತಿರ ತರಲೇಬೇಡಿ. ಬೆಳಗಾವಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ, ಪೊಲೀಸರ ಮೂಲಕವೇ ಹೋಗಲಿ. ನಾನು ಕೈ ಹಾಕಿದರೆ ನಾಳೆ ಕೋರ್ಟಿನಲ್ಲಿ ಆ ಸಾಕ್ಷಿಗೆ ತಕರಾರು ಗ್ಯಾರಂಟಿ.