ಊಟ ಆದಮೇಲೆ ಒಂದೇ ಫೋನು, ಮೂರೇ ಕಾರ್ಡು

ಗಂಡ ಹೆಂಡತಿ ಮಾತು ಬರೀ ಹಾಲು, ಇಎಂಐ, ಮಕ್ಕಳ ಹೋಂವರ್ಕಿನಲ್ಲೇ ಮುಗಿಯುತ್ತಿದೆಯಾ? ‘ಗಾಟ್‌ಮನ್ ಕಾರ್ಡ್ ಡೆಕ್ಸ್’ ಅನ್ನುವ, ಜೋಡಿಗಳಿಗೆ ಪ್ರಶ್ನೆಗಳ ಕಾರ್ಡು ಕೊಡುವ ಆ್ಯಪನ್ನು ಒಬ್ಬರ ಫೋನಿಗೆ ಮಾತ್ರ ಹಾಕಿಕೊಳ್ಳಿ, ಇನ್ನೊಂದು ಫೋನು ಚಾರ್ಜಿಗೆ ಇಡಿ. ರಾತ್ರಿ ‘ಲವ್ ಮ್ಯಾಪ್ಸ್’ ಕಟ್ಟಿನಿಂದ, ಅಂದರೆ ಸಂಗಾತಿಯನ್ನು ಎಷ್ಟು ಬಲ್ಲಿರಿ ಅನ್ನುವ ಪ್ರಶ್ನೆಗಳಿಂದ, ಮೂರು ಕಾರ್ಡು ಸಾಕು. ಒಬ್ಬರು ಓದಬೇಕು, ಇನ್ನೊಬ್ಬರು ಊಹಿಸಿ ಹೇಳಬೇಕು: ‘ನನಗೆ ಈಗ ಯಾವುದರ ಟೆನ್ಶನ್ ಜಾಸ್ತಿ?’ ಊಹೆ ತಪ್ಪಿದಾಗಲೇ ನಿಜವಾದ ಮಾತು ಶುರುವಾಗುವುದು. ‘ಏನ್ ಸಮಾಚಾರ’ ಅಂದರೆ ‘ಏನಿಲ್ಲ’ ಅನ್ನಬಹುದು, ಇದಕ್ಕೆ ಹಾಗೆ ಜಾರಿಕೊಳ್ಳೋಕೆ ಆಗಲ್ಲ, ಅಲ್ವಾ? ಸಿಯಾಟಲ್‌ನ ಮನಶ್ಶಾಸ್ತ್ರಜ್ಞ, ಈ ಆ್ಯಪಿನ ಹೆಸರಿನಲ್ಲಿರುವ ಜಾನ್ ಗಾಟ್‌ಮನ್ ಹೊಸ ಜೋಡಿಗಳನ್ನು ಆರು ವರ್ಷ ಬಿಟ್ಟು ಮತ್ತೆ ವಿಚಾರಿಸಿದರು. ಒಟ್ಟಿಗೆ ಉಳಿದವರು ಸಂಗಾತಿ ಮಾತಿಗೆಳೆದಾಗ ನೂರಕ್ಕೆ 86 ಸಲ ಓಗೊಟ್ಟಿದ್ದರು, ಬೇರೆಯಾದವರು 33 ಸಲ ಮಾತ್ರ. ಪ್ರಶ್ನೆಗಳು ಇಂಗ್ಲಿಷಿನಲ್ಲಿವೆ. ಹಾಗೇ ಓದಿದರೆ ಇಂಟರ್‌ವ್ಯೂ ಥರ ಆಗುತ್ತೆ, ಮನೆಮಾತಿಗೆ ತಿರುಗಿಸಿಯೇ ಕೇಳಿ. ಜಗಳ ಬಿಸಿ ಇರುವಾಗ ಮಾತ್ರ ಬೇಡ. ಆಗ ‘ನನ್ನ ಆಪ್ತ ಸ್ನೇಹಿತರು ಯಾರು’ ಅನ್ನುವುದೂ ಚುಚ್ಚುಮಾತಿನ ಹಾಗೆ ಕೇಳಿಸುತ್ತೆ. ಹೊಡೆತ, ಹೆದರಿಕೆ ಇರುವ ಮನೆಗೆ ಇದು ಮದ್ದಲ್ಲ, ಅಲ್ಲಿ 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ.